ಒಸಾಕಾದ ಕೈಯುಕಾನ್: ಇಬ್ಬರೇ ಹೋಗುವವರು ಮಧ್ಯಾಹ್ನ ಮೂರರ ಟಿಕೆಟ್ ತಗೊಳ್ಳಿ

ಜಪಾನಿಗೆ ಹೊರಟ ಜೋಡಿಗಳ ಪಟ್ಟಿಯಲ್ಲಿ ಒಸಾಕಾ ಅಂದರೆ ಕೋಟೆ, ದೋತೊಂಬೊರಿ, ಯೂನಿವರ್ಸಲ್ ಸ್ಟುಡಿಯೋಸ್. ಕೈಯುಕಾನ್ ಅಕ್ವೇರಿಯಂ ಇರುವುದು ‘ಟೈಮ್ ಉಳಿದರೆ’ ಅನ್ನುವ ಸಾಲಿನಲ್ಲಿ. ಹಾಗೆ ಉಳಿದ ಟೈಮಿನಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ನುಗ್ಗಿದವರು ಒಂದೂವರೆ ಗಂಟೆಯಲ್ಲಿ ಹೊರಬಿದ್ದು ‘ಪರವಾಗಿಲ್ಲ, ಜನ ಜಾಸ್ತಿ’ ಅಂತಾರೆ. ಜಾಗ ಸರಿಯಾಗಿಯೇ ಇದೆ, ಹೋದ ಹೊತ್ತು ಸರಿಯಿಲ್ಲ.

ಯಾಕೆ ಅನ್ನುವುದು ಕಟ್ಟಡ ನೋಡಿದರೆ ಗೊತ್ತಾಗುತ್ತದೆ. 1990ರಲ್ಲಿ ತೆರೆದ ಈ ಅಕ್ವೇರಿಯಂನಲ್ಲಿ ಮೊದಲು ಒಂದು ಸುರಂಗ, ಆಮೇಲೆ ಉದ್ದನೆಯ ಎಸ್ಕಲೇಟರ್ ನಿಮ್ಮನ್ನು ನೇರ ಎಂಟನೇ ಮಹಡಿಗೆ ಒಯ್ಯುತ್ತದೆ. ಅಲ್ಲಿಂದ ಇಳಿಜಾರಿನ ದಾರಿ ಸುತ್ತುತ್ತಾ ಕೆಳಗೆ ಬರುತ್ತದೆ. ನಡುವೆ ಇರುವುದು ‘ಪೆಸಿಫಿಕ್ ಸಾಗರ’ದ ತೊಟ್ಟಿ: 9 ಮೀಟರ್ ಆಳ, 5,400 ಟನ್ ನೀರು. ಒಂದೇ ತೊಟ್ಟಿಯನ್ನು ಮೊದಲು ನೀರಿನ ಮೇಲ್ಭಾಗದಿಂದ, ಆಮೇಲೆ ನಡುವಿನಿಂದ, ಕೊನೆಗೆ ತಳದಿಂದ ನೋಡುತ್ತೀರಿ. ಸುತ್ತಲಿನ ಕೆಲವು ತೊಟ್ಟಿಗಳೂ ಹೀಗೆಯೇ. ಮೇಲಿನ ಮಹಡಿಯಲ್ಲಿ ಬಂಡೆಯ ಮೇಲೆ ಸೋಮಾರಿಯಾಗಿ ಬಿದ್ದಿದ್ದ ಕಡಲಸಿಂಹ ಒಂದು ಸುತ್ತು ಇಳಿಯುವಷ್ಟರಲ್ಲಿ ನೀರೊಳಗೆ ಬಾಣದಂತೆ ಹೋಗುತ್ತಿರುತ್ತದೆ. ದಾರಿ ಏಕಮುಖ. ಹಿಂದೆ ಜನ ಒತ್ತುತ್ತಿದ್ದರೆ ನಿಲ್ಲಲಾಗದು, ನಿಲ್ಲದಿದ್ದರೆ ಇಲ್ಲಿ ನೋಡುವುದಕ್ಕೆ ಏನೂ ಇಲ್ಲ.

ವಾರದ ದಿನಗಳಲ್ಲಿ ಮಧ್ಯಾಹ್ನದವರೆಗೆ ಬಣ್ಣದ ಟೋಪಿ ಹಾಕಿದ ಶಾಲಾಮಕ್ಕಳ ಸಾಲು, ಅದರ ಜೊತೆಗೆ ಟೂರ್ ಬಸ್ಸುಗಳು. ಮೂರರ ನಂತರ ನೂಕುನುಗ್ಗಲು ಕಡಿಮೆಯಾಗುತ್ತದೆ. ಐದಕ್ಕೆ ಒಳಗಿನ ದೀಪಗಳನ್ನು ತಗ್ಗಿಸಿ ರಾತ್ರಿಯ ಬೆಳಕು ಮಾಡುತ್ತಾರೆ, ಅದೇ ಮೀನು, ಅದೇ ನೀರು ಬೇರೆಯಾಗಿ ಕಾಣುತ್ತದೆ. ಮೂರಕ್ಕೆ ಒಳಗೆ ಹೋದರೆ ಒಂದೇ ಟಿಕೆಟ್ಟಿನಲ್ಲಿ ಎರಡೂ ಸಿಗುತ್ತದೆ. ಎಂಟನೇ ಮಹಡಿಯ ‘ಜಪಾನಿನ ಕಾಡು’ ವಿಭಾಗಕ್ಕೆ ಬಿಸಿಲು ನೇರ ಬೀಳುವುದರಿಂದ ಅದನ್ನು ಹಗಲಲ್ಲೇ ನೋಡಬೇಕು. ಡಿಸೆಂಬರಿನಲ್ಲಿ ಒಸಾಕಾದಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಜೂನಿನಲ್ಲಿ ಏಳು ದಾಟುತ್ತದೆ, ಆಗ ನಾಲ್ಕಕ್ಕೆ ಹೋದರೂ ನಡೆಯುತ್ತದೆ. ಆ ಕಾಡಿನಲ್ಲಿರುವ ಪುಟ್ಟ ನೀರುನಾಯಿಗಳನ್ನು ಗಮನಿಸಿ. ಜಪಾನಿನ ಸ್ವಂತ ನೀರುನಾಯಿ ನಿರ್ನಾಮವಾಗಿದೆ ಎಂದು ಅಲ್ಲಿನ ಸರ್ಕಾರ 2012ರಲ್ಲಿ ಘೋಷಿಸಿತು. ಇಲ್ಲಿ ಓಡಾಡುವುದು ಏಷ್ಯಾದ ಚಿಕ್ಕ ಉಗುರಿನ ಜಾತಿ, ನಮ್ಮ ಕೊಡಗಿನ ಹೊಳೆಗಳಲ್ಲೂ ಇರುವಂಥದ್ದು.

ಟಿಕೆಟ್ ಅಧಿಕೃತ ವೆಬ್‌ಸೈಟಿನಲ್ಲೇ ತಗೊಳ್ಳಿ. ದಿನ, ಒಳಹೋಗುವ ಸಮಯ ಆರಿಸಿದರೆ ಕ್ಯೂಆರ್ ಕೋಡ್ ಬರುತ್ತದೆ. ದಿನಕ್ಕೆ ತಕ್ಕಂತೆ ದರ ಬದಲಾಗುತ್ತದೆ. 2025ರ ಹೊತ್ತಿಗೆ ದೊಡ್ಡವರಿಗೆ ತಲಾ ಸುಮಾರು 2,700ರಿಂದ 3,500 ಯೆನ್ ಇತ್ತು. ಸಮಯದ ಕಟ್ಟುಪಾಡು ಒಳಗೆ ಹೋಗುವುದಕ್ಕೆ ಮಾತ್ರ, ಹೋದ ಮೇಲೆ ಮುಚ್ಚುವವರೆಗೂ ಇರಬಹುದು. ಆದರೆ ಮುಚ್ಚುವ ಹೊತ್ತು ದಿನದಿಂದ ದಿನಕ್ಕೆ ಬೇರೆ, ಒಮ್ಮೊಮ್ಮೆ ರಜೆಯೂ ಇರುತ್ತದೆ. ಆದ್ದರಿಂದ ಮೊದಲು ಕ್ಯಾಲೆಂಡರ್, ಆಮೇಲೆ ದುಡ್ಡು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್ ಅನ್ನುವ ಸಾಲುರಜೆಯಲ್ಲಿ ಈ ಕಡೆ ತಲೆ ಹಾಕದಿರುವುದೇ ಕ್ಷೇಮ.

ಉಮೆದಾ, ನಂಬಾ, ಶಿನ್-ಒಸಾಕಾ ಎಲ್ಲಿಂದ ಹೊರಟರೂ ಕೆಂಪು ಬಣ್ಣದ ಮಿದೋಸುಜಿ ಲೈನಿನಲ್ಲಿ ಹೊಮ್ಮಾಚಿಗೆ ಬಂದು, ಹಸಿರು ಚುಒ ಲೈನಿಗೆ ಬದಲಾಯಿಸಿ ಒಸಾಕಾಕೊ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಐದು ನಿಮಿಷದ ನಡಿಗೆ, 112.5 ಮೀಟರಿನ ಜೈಂಟ್ ವೀಲ್ ಕಾಣುವ ಕಡೆಗೆ ಹೋದರೆ ಸಾಕು. ಎಡವುವುದು ಎರಡು ಕಡೆ. ಮ್ಯಾಪಿನಲ್ಲಿ ‘ಒಸಾಕಾ’ ಅಂತಷ್ಟೇ ನೋಡಿ ಜೆಆರ್‌ನ ಒಸಾಕಾ ಸ್ಟೇಷನ್ನಿಗೆ ಹೋಗುವುದು ಒಂದು. ಹೊಮ್ಮಾಚಿಯಲ್ಲಿ ಯುಮೆಶಿಮಾ ಕಡೆಯ ಪ್ಲಾಟ್‌ಫಾರ್ಮ್ ಬಿಟ್ಟು ನಾಗಾತಾ ಕಡೆಯ ರೈಲು ಹತ್ತುವುದು ಇನ್ನೊಂದು. ದೊಡ್ಡ ಸೂಟ್‌ಕೇಸ್ ಹೋಟೆಲಿನಲ್ಲೇ ಇರಲಿ, ಅದು ಹಿಡಿಸುವ ಲಾಕರ್ ಖಾಲಿ ಸಿಗುವುದು ಅದೃಷ್ಟ.

ಇನ್ನು ತಿಮಿಂಗಿಲ ಶಾರ್ಕ್. ಮೀನುಗಳಲ್ಲೆಲ್ಲ ದೊಡ್ಡದು, ಭಾರತದಲ್ಲಿ 2001ರಿಂದ ಕಾನೂನಿನ ರಕ್ಷಣೆ ಪಡೆದದ್ದು. ಗುಜರಾತಿನ ಕರಾವಳಿಗೆ ಬರುವ ಅದೇ ಜಾತಿ ಇಲ್ಲಿದೆ. ಕೈಯುಕಾನಿಗೆ ಇವು ಬರುವುದು ಕೊಚಿ ಪ್ರಾಂತ್ಯದ ತೊಸಾಶಿಮಿಜು ಕಡೆಯಿಂದ: ಅಲ್ಲಿನ ಮೀನುಗಾರರ ಬಲೆಗೆ ಸಿಕ್ಕಿದ್ದನ್ನು ಅಲ್ಲೇ ಇರುವ ಕೇಂದ್ರದಲ್ಲಿಟ್ಟು, ಕೈಯಿಂದ ಹಾಕುವ ಆಹಾರ ರೂಢಿ ಮಾಡಿಸಿ ತರುತ್ತಾರೆ. ಎಲ್ಲರೂ ಮೊದಲು ಕಂಡ ಕಿಟಕಿಗೇ ಮುಗಿಬೀಳುತ್ತಾರೆ. ನೀವು ಅಲ್ಲಿ ಐದು ನಿಮಿಷ ನಿಂತು ಕೆಳಗಿಳಿಯಿರಿ. ಆಹಾರ ಹಾಕುವ ಹೊತ್ತಿನಲ್ಲಿ ಮಾತ್ರ ಮೇಲಿನ ಕಿಟಕಿಯೇ ಸರಿ. ಸಿಬ್ಬಂದಿ ಸಣ್ಣ ಸೀಗಡಿಯಂಥ ಕ್ರಿಲ್ ಸುರಿಯುತ್ತಿದ್ದಂತೆ ಮೀನು ಬಾಯಿ ಅಗಲಿಸಿ ನೀರಿನ ಸಮೇತ ಎಳೆದುಕೊಳ್ಳುತ್ತದೆ, ಆ ನೀರು ಕಿವಿರಿನ ಸೀಳುಗಳಿಂದ ಹೊರಗೆ ಬರುವಾಗ ಚರ್ಮ ಅಲೆಯಾಡುವುದು ಕಾಣುತ್ತದೆ. ಉಳಿದ ಹೊತ್ತಿನಲ್ಲಿ ತಳದ ಮಹಡಿಯಲ್ಲಿ ಒಂದೇ ಕಡೆ ನಿಲ್ಲಿ. ಅದು ತೊಟ್ಟಿಯನ್ನು ಸುತ್ತುತ್ತಲೇ ಇರುತ್ತದೆ, ಹಿಂದೆ ಓಡುವ ಅಗತ್ಯವಿಲ್ಲ. ಮೈಮೇಲಿನ ಚುಕ್ಕೆಗಳ ವಿನ್ಯಾಸ ಒಂದೊಂದಕ್ಕೂ ಬೇರೆ, ವಿಜ್ಞಾನಿಗಳು ಇವನ್ನು ಗುರುತಿಸುವುದು ಅದರಿಂದಲೇ.

ಫೋಟೋ ಕೆಡುವುದು ತೊಟ್ಟಿಯ ಕಿಟಕಿಗಳ ಅಕ್ರಿಲಿಕ್‌ನಿಂದ. ಇಲ್ಲಿನ ದೊಡ್ಡ ಹಲಗೆಗಳು 30 ಸೆಂಟಿಮೀಟರ್ ದಪ್ಪ. ನೇರ ಎದುರಿಗೆ ನಿಂತರೆ ಸ್ವಚ್ಛ, ಓರೆಯಾಗಿ ಹಿಡಿದರೆ ಅಂಚುಗಳಲ್ಲಿ ಬಣ್ಣ ಒಡೆದು ಚಿತ್ರ ಮಸುಕಾಗುತ್ತದೆ. ಫೋನಿನ ಲೆನ್ಸನ್ನು ಹಲಗೆಗೆ ತಾಗಿಸಿಯೇ ಹಿಡಿಯಿರಿ, ಪ್ರತಿಬಿಂಬ ಹೋಗುತ್ತದೆ. ಗಾಢ ಬಣ್ಣದ ಬಟ್ಟೆಯೂ ಅದಕ್ಕೇ. ಬಿಳಿ ಅಂಗಿ ಹಾಕಿದವರು ಪ್ರತಿ ಫೋಟೋದಲ್ಲೂ ಭೂತದಂತೆ ಬರುತ್ತಾರೆ. ಫ್ಲ್ಯಾಶ್ ಬೇಡ, ಮೀನಿಗೂ ತೊಂದರೆ, ಚಿತ್ರದಲ್ಲೂ ಬಿಳಿ ಚುಕ್ಕೆ. ಜೊತೆಗಾರರ ನೆರಳುಚಿತ್ರ ಬೇಕಾದರೆ ಅವರನ್ನು ಹಲಗೆಯ ಹತ್ತಿರ ನಿಲ್ಲಿಸಿ, ನೀವು ಮೂರು ಮೀಟರ್ ಹಿಂದೆ ಸರಿದು ಕುಕ್ಕರಗಾಲಲ್ಲಿ ಕೂತು, ನೀರಿನ ಬೆಳಕಿನ ಮೇಲೆ ಬೆರಳೊತ್ತಿ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಆಮೇಲೆ ಫೋನು ಜೇಬಿಗೆ.

ಕೆಳಗಿನ ‘ಜಪಾನಿನ ಆಳಸಮುದ್ರ’ವನ್ನು ಎಷ್ಟೋ ಜನ ನೋಡದೇ ದಾಟುತ್ತಾರೆ. ಜಪಾನಿನ ಜೇಡ ಏಡಿ ಇರುವುದು ಅಲ್ಲಿ, ಈ ಜಾತಿಯ ದೊಡ್ಡ ಗಂಡುಗಳ ಕಾಲು ಚಾಚಿದರೆ ಮೂರೂವರೆ ಮೀಟರ್ ಮೀರುತ್ತದೆ. ನಿಂತಲ್ಲೇ ನಿಂತಿದೆ ಅನ್ನಿಸುತ್ತದೆ, ಎರಡು ನಿಮಿಷ ಕಾದರೆ ಒಂದೊಂದೇ ಕಾಲು ಎತ್ತಿಡುವುದು ಗೊತ್ತಾಗುತ್ತದೆ. ಜೆಲ್ಲಿ ಮೀನುಗಳ ಕತ್ತಲೆ ಕೋಣೆ ಆಮೇಲೆ. ಕೊನೆಯ ಮುಟ್ಟುವ ತೊಟ್ಟಿಯಲ್ಲಿ ಮೊದಲು ಕೈ ತೊಳೆದು, ಎರಡು ಬೆರಳಿನಿಂದ ಬೆನ್ನನ್ನಷ್ಟೇ ಸವರಿ. ಚಿಕ್ಕ ಶಾರ್ಕಿನ ಚರ್ಮ ತಲೆಯಿಂದ ಬಾಲದ ಕಡೆಗೆ ನುಣುಪು, ತಿರುಗಿಸಿ ಸವರಿದರೆ ಮರಳುಕಾಗದ. ಎತ್ತಬಾರದು, ಬಾಲ ಹಿಡಿಯಬಾರದು.

ಸಸ್ಯಾಹಾರಿಗಳು ಮಾತ್ರ ಊಟ ಮುಗಿಸಿಯೇ ಹೋಗಿ. ಪಕ್ಕದ ತೆಂಪೊಜಾನ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಹೋಟೆಲುಗಳಿಗೆ ಬರವಿಲ್ಲ, ಆದರೆ ತರಕಾರಿ ಉದೊನ್ (ದಪ್ಪ ನೂಡಲ್ಸ್) ಅಂದರೂ ಸಾರಿನಲ್ಲಿ ಸಾಮಾನ್ಯವಾಗಿ ದಾಶಿ, ಅಂದರೆ ಒಣಮೀನು ಕುದಿಸಿದ ರಸ, ಇರುತ್ತದೆ. ದಾರಿಯ ಕನ್ವೀನಿಯೆನ್ಸ್ ಅಂಗಡಿಯಲ್ಲಿ ಉಪ್ಪು ಹಾಕಿದ ಬರೀ ಅನ್ನದ ಉಂಡೆ ಅಥವಾ ಉಮೆ ಹಣ್ಣಿನದ್ದು ಹುಡುಕಿ, ಹಿಂದಿನ ಚೀಟಿಯನ್ನು ಫೋನಿನ ಅನುವಾದದಲ್ಲಿ ಒಮ್ಮೆ ನೋಡಿಬಿಡಿ. ತೆಂಪೊಜಾನ್ ಅಂದರೆ ಬೆಟ್ಟವೇ, ಎತ್ತರ 4.53 ಮೀಟರ್! ಹತ್ತಿರದ ಪಾರ್ಕಿನಲ್ಲಿದೆ, ಕತ್ತಲಾಗುವ ಮುಂಚೆ ‘ಹತ್ತಿ’ ಬರಬಹುದು. ಮರುದಿನ ಯೂನಿವರ್ಸಲ್ ಇದ್ದು ಹೋಟೆಲೂ ಆ ಕಡೆಯೇ ಇದ್ದರೆ ಇಲ್ಲಿಂದ ಹತ್ತೇ ನಿಮಿಷದ ದೋಣಿಯಿದೆ, ಕ್ಯಾಪ್ಟನ್ ಲೈನ್ ಅಂತ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಅನ್ನುವುದನ್ನು ಒಳಗೆ ಹೋಗುವ ಮೊದಲೇ ನೋಡಿಕೊಳ್ಳಿ, ತಪ್ಪಿದರೆ ರೈಲಿನಲ್ಲಿ ಸುತ್ತಿ ಹೋಗಬೇಕು.