ಆಡಳಿತದ ಹಿತದೃಷ್ಟಿಯಿಂದ

ಶಿವಮೊಗ್ಗದ ಅಡಿಕೆ ವಹಿವಾಟಿನ ಸಂಸ್ಥೆಯೊಂದರಲ್ಲಿ ಒಂಬತ್ತು ವರ್ಷ ಲೆಕ್ಕ ಬರೆದಿದ್ದ ನಾನು, 2019ರ ಜುಲೈಯಲ್ಲಿ, ಸಹೋದ್ಯೋಗಿಯೊಬ್ಬಳ ಲೈಂಗಿಕ ಕಿರುಕುಳದ ದೂರಿನ ವಿಚಾರಣೆಗೆ ಆಂತರಿಕ ಸಮಿತಿಯ ಮುಂದೆ ಸಾಕ್ಷಿ ಹೇಳಿದೆ. ಹನ್ನೊಂದನೆಯ ದಿನ ಹೊಸನಗರದ ಗೋದಾಮಿಗೆ ವರ್ಗಾವಣೆಯ ಆದೇಶ ಬಂತು. ಕಾರಣ, 'ಆಡಳಿತದ ಹಿತದೃಷ್ಟಿ'. ಸಂಬಳದಲ್ಲಿ ಒಂದು ರೂಪಾಯಿಯೂ ಕಡಿತವಾಗಿರಲಿಲ್ಲ, ಜಾಣತನವಿದ್ದದ್ದೇ ಅಲ್ಲಿ.

ಮಳೆಯಲ್ಲಿ ಆಯನೂರು, ರಿಪ್ಪನ್‌ಪೇಟೆ ದಾಟಿ ಹೋದರೆ, ಅಲ್ಲಿ ನನಗೆ ಮಾಡಲು ಕೆಲಸವೇ ಇರಲಿಲ್ಲ. ಅಡಿಕೆ ಮೂಟೆಗಳ ಸಂದಿಯಲ್ಲಿ ಒಂದು ಕಬ್ಬಿಣದ ಕುರ್ಚಿ, ಥಂಡಿಗೆ ಹಾಳೆಗಳು ಅಂಟಿಕೊಂಡಿದ್ದ ದಾಸ್ತಾನು ಪುಸ್ತಕ, ಅಷ್ಟೆ. ಎರಡನೆಯ ವಾರ, ಬಸ್ಸು ತಡವಾಗಿ ಆರು ನಿಮಿಷ ಮೀರಿದ್ದಕ್ಕೆ ಮೆಮೊ ಕೊಟ್ಟರು. ಒಂಬತ್ತು ವರ್ಷಗಳಲ್ಲಿ ನನಗೆ ಬಂದ ಮೊದಲ ಮೆಮೊ ಅದು.

ರಜೆ ಹಾಕಿ ವಕೀಲೆಯೊಬ್ಬರನ್ನು ಕಂಡೆ. ನನ್ನ ಸಿಟ್ಟನ್ನು ಅವರು ಹೆಚ್ಚು ಹೊತ್ತು ಕೇಳಲಿಲ್ಲ. ಸಾಕ್ಷಿ, ಆದೇಶ, ಮೆಮೊ ಮೂರರ ತಾರೀಕುಗಳನ್ನು ಒಂದರ ಕೆಳಗೊಂದು ಬರೆದು, "ನಿಮ್ಮ ಕೇಸು ಇರೋದು ಈ ಮೂರು ಸಾಲಿನಲ್ಲಿ" ಎಂದರು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ದೂರು ಕೊಟ್ಟವಳ ಉದ್ಯೋಗಕ್ಕೆ ಕುತ್ತು ತರುವ ಬೆದರಿಕೆಯೂ ಕಿರುಕುಳವೆನಿಸಬಹುದು. ಸಾಕ್ಷಿಯ ಗುರುತನ್ನು ಬಯಲು ಮಾಡಬಾರದೆನ್ನುವ ಅದೇ ಕಾಯ್ದೆಯಲ್ಲಿ ಸಾಕ್ಷಿಯ ಕುರ್ಚಿಯನ್ನು ಕಾಯುವ ಮಾತಿಲ್ಲ. ದುರುದ್ದೇಶದ ವರ್ಗಾವಣೆಯನ್ನು ಅನುಚಿತ ಕಾರ್ಮಿಕ ಪದ್ಧತಿ ಎನ್ನುತ್ತಿದ್ದದ್ದು ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೆಯ ಅನುಸೂಚಿ. ಆದರೆ ಅಲ್ಲಿಯೂ ಒಂದು ತೊಡಕಿತ್ತು. ಕೆಲಸದಿಂದಲೇ ತೆಗೆದಿದ್ದರೆ 2ಎ ಸೆಕ್ಷನ್ನಿನಡಿ ನಾನೊಬ್ಬಳೇ ವಿವಾದ ಎತ್ತಬಹುದಿತ್ತು. ಬರೀ ವರ್ಗಾವಣೆಯಾದ್ದರಿಂದ ಸಂಘವೋ ಜೊತೆಯ ಕೆಲಸಗಾರರೋ ಬೆನ್ನಿಗೆ ನಿಲ್ಲಬೇಕಿತ್ತು. ನಮ್ಮಲ್ಲಿ ಸಂಘವಿರಲಿಲ್ಲ. ಪೂರ್ತಿ ಹೊರಗೆ ಹಾಕಿದ್ದರೇ ಅನುಕೂಲವಿತ್ತಲ್ಲ ಎಂದು ನಗು ಬಂದದ್ದೂ ನಿಜ.

ಆ ಸಂಜೆ ಅರ್ಜಿ ಹಿಡಿದು ಹಳೆಯ ಕಚೇರಿಯ ಹಿಂಬಾಗಿಲಿನಲ್ಲಿ ನಿಂತೆ. ಪಕ್ಕದ ಮೇಜಿನಲ್ಲಿ ಒಂಬತ್ತು ವರ್ಷ ಡಬ್ಬಿ ಹಂಚಿಕೊಂಡಿದ್ದವರು ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಛತ್ರಿ ಬಿಚ್ಚಿದರು. ತೂಕದವರು ಇಬ್ಬರು ಮಾತಿಲ್ಲದೆ ಸಹಿ ಹಾಕಿದರು. ಹಮಾಲರಲ್ಲಿ ಹಿರಿಯರೊಬ್ಬರು ಹಾಳೆಯನ್ನು ದೀಪದ ಬೆಳಕಿಗೆ ಹಿಡಿದು, "ಅಕ್ಕೋರೇ, ಇದಕ್ಕೆ ನಮ್ಮನ್ನೂ ಹೊಸನಗರಕ್ಕೆ ಹಾಕ್ತಾರಾ?" ಎಂದು ಕೇಳಿದರು. ಹಾಕಬಹುದು ಎಂದೆ. ಅವರು ಕೈ ಒರೆಸಿಕೊಂಡು, ಪೆನ್ನು ಕೇಳಿ, ಹೆಸರಿನ ಕೆಳಗೆ ತಾರೀಕನ್ನೂ ಬರೆದರು.