ಕಾರ್ಗಿಲ್ ಮೀನಿನ ಕೆಂಪು ಹಲ್ಲು

ಮಂಡಗದ್ದೆಯ ಬೆಳ್ಳಕ್ಕಿಗಳನ್ನು ಚಿತ್ರಿಸುತ್ತಲೇ ಕ್ಯಾಮೆರಾ ಕಲಿತವನು ನಾನು. ಗುಂಡಿ ಒತ್ತುವ ಕ್ಷಣದಲ್ಲಿ ಉಸಿರು ಬಿಗಿಹಿಡಿಯುವ ಅಭ್ಯಾಸ ಅಲ್ಲಿಂದಲೇ ಬೇರೂರಿದೆ. ಕೈ ಅಲುಗದಿರಲೆಂದು ಹಿರಿಯರೊಬ್ಬರು ಹೇಳಿಕೊಟ್ಟ ಈ ಉಪಾಯ ನೆಲದ ಮೇಲೆ ಎಂದೂ ಕೈಕೊಟ್ಟಿರಲಿಲ್ಲ. ಆದರೆ ನೀರಿನೊಳಗೆ ಸಿಲಿಂಡರ್ ಹೊತ್ತು ಇಳಿಯುವವನಿಗೆ ಕಲಿಸುವ ಮೊದಲ ಪಾಠವೇ ಉಸಿರು ಹಿಡಿಯಬಾರದೆಂಬುದು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಿರುತ್ತದೆ. ಅಲ್ಲಿ ಶ್ವಾಸಕೋಶದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿಯಾಗಿ ಹಿಗ್ಗುತ್ತದೆ. ಹಿಂದಿನ ವರ್ಷ ತರಬೇತಿ ಮುಗಿಸಿ 18 ಮೀಟರ್‌ವರೆಗೆ ಇಳಿಯುವ ಅರ್ಹತಾಪತ್ರ ಪಡೆದಿದ್ದ ನನಗೆ ಇದೆಲ್ಲ ಬಾಯಿಪಾಠವಾಗಿತ್ತು. ಕೈಗೆ ಮಾತ್ರ ಗೊತ್ತಿರಲಿಲ್ಲ.

ಕಳೆದ ಜನವರಿಯ ಒಂದು ಬೆಳಿಗ್ಗೆ ಸ್ನೇಹಿತರೊಬ್ಬರಿಂದ ಎರವಲು ತಂದ ಪುಟ್ಟ ಕ್ಯಾಮೆರಾವನ್ನು ನೀರು ಒಳಗಿಳಿಯದ ಅದರ ಪಾರದರ್ಶಕ ಕವಚ, ಅಂದರೆ ಹೌಸಿಂಗ್‌ನೊಳಗೆ ಮುಚ್ಚಿ, ರಬ್ಬರ್ ಉಂಗುರದ ಮೇಲೆ ಕೂದಲೆಳೆಯೊಂದೂ ಉಳಿದಿಲ್ಲವೆಂದು ಮೂರು ಸಲ ನೋಡಿಕೊಂಡು, ಮುರುಡೇಶ್ವರದಿಂದ ದೋಣಿ ಹತ್ತಿದೆ. ನೇತ್ರಾಣಿ ದ್ವೀಪ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಇಪ್ಪತ್ತು ಅಂತಸ್ತಿನ ರಾಜಗೋಪುರ ಹಿಂದೆ ಕಡ್ಡಿಯಷ್ಟಾಗಿ ಕರಗುವ ಹೊತ್ತಿಗೆ ಎದುರಿಗೆ ದ್ವೀಪದ ಕಡಿದಾದ ಬಂಡೆಗೋಡೆ ಎದ್ದುನಿಂತಿತು. ಅದರ ಮೇಲಿನ ಮರಗಳಲ್ಲಿ ಬಿಳಿ ಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಒಂದು ಹದ್ದು ತಲೆಯ ಮೇಲೆಯೇ ಹಾದುಹೋದಾಗ, ಟೆಲಿ ಲೆನ್ಸ್ ಮನೆಯಲ್ಲಿ ಬಿಟ್ಟು ಬಂದದ್ದಕ್ಕೆ ಹೊಟ್ಟೆ ಉರಿದದ್ದನ್ನು ಮುಚ್ಚಿಡುವುದಿಲ್ಲ.

ಹನ್ನೆರಡು ಮೀಟರ್ ಆಳಕ್ಕೆ ಇಳಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಮೀನಲ್ಲ, ನನ್ನದೇ ಮಣಿಕಟ್ಟು. ದೇವಸ್ಥಾನದಲ್ಲಿ ಕಟ್ಟಿಸಿಕೊಂಡಿದ್ದ ಕೆಂಪು ದಾರ ಕಪ್ಪಾಗಿಹೋಗಿತ್ತು. ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನು ಎಂದು ಓದಿದ್ದೆನಾದರೂ ನನ್ನ ಕೈಯ ದಾರದಲ್ಲೇ ಅದನ್ನು ಕಂಡಾಗ ಒಂದು ಗಳಿಗೆ ದಿಗಿಲಾಯಿತು. ಆ ಹೊತ್ತಿಗೆ ಬಂಡೆಯ ಅಂಚಿನಲ್ಲಿ ನಮ್ಮ ಕರಾವಳಿಯ ಮೀನುಗಾರರು ಕಾರ್ಗಿಲ್ ಎಂದು ಕರೆಯುವ ಮೀನುಗಳ ದೊಡ್ಡ ಹಿಂಡು ಕಾಣಿಸಿತು. ಗಾಢ ನೀಲಿ ಮೈ, ಬಿದಿಗೆಯ ಚಂದ್ರನಂತೆ ಬಾಗಿದ ಬಾಲ. ಬೆನ್ನಿನ ಮತ್ತು ಹೊಟ್ಟೆಯ ಕಡೆಯ ರೆಕ್ಕೆಗಳನ್ನು ಒಟ್ಟಿಗೆ ಅತ್ತಿತ್ತ ಬೀಸುತ್ತ ಅವು ಈಜುವ ರೀತಿಯಲ್ಲಿ ಒಂದು ಬಗೆಯ ಒಯ್ಯಾರವಿದೆ. ನಾನು ಅವುಗಳತ್ತ ಕಾಲು ಬಡಿದೆ. ಅವು ಒಂದೊಂದಾಗಿ ಬಂಡೆಯ ಬಿರುಕುಗಳಿಗೆ ನುಗ್ಗಿ, ಬೆನ್ನ ಮೇಲಿನ ಮುಳ್ಳನ್ನು ನಿಮಿರಿಸಿ ಅಗುಳಿ ಹಾಕಿದಂತೆ ಒಳಗೆ ಸಿಕ್ಕಿಸಿಕೊಂಡು, ಬಾಲವನ್ನಷ್ಟೇ ಹೊರಗೆ ಬಿಟ್ಟವು. ಇನ್ನೂ ಹೊರಗಿದ್ದ ಒಂದೆರಡಕ್ಕೆ ಗುರಿಯಿಟ್ಟು ಅಭ್ಯಾಸಬಲದಿಂದ ಉಸಿರು ಹಿಡಿದೆ. ಎದೆಯಲ್ಲಿ ಗಾಳಿ ತುಂಬಿದ್ದರಿಂದ ದೇಹ ಮೆಲ್ಲನೆ ಮೇಲಕ್ಕೇರಿತು. ಚೌಕಟ್ಟಿನೊಳಗೆ ಉಳಿದದ್ದು ಬರಿಯ ನೀಲಿ ನೀರು. ಜೊತೆಗಿದ್ದ ಮಾರ್ಗದರ್ಶಕ ನನ್ನ ಜಾಕೆಟ್ ಹಿಡಿದು ಕೆಳಗೆಳೆದು, ಬಾಯಿಯ ಮುಂದೆ ಬೆರಳಾಡಿಸಿ 'ಉಸಿರಾಡಿ' ಎಂದು ಸನ್ನೆ ಮಾಡಿದ. ಹೀಗೆ ಎರಡು ಬಾರಿಯಾಯಿತು. ಅಟ್ಟಾಡಿಸಿದ ಆಯಾಸಕ್ಕೆ ಗಾಳಿಯೂ ಬೇಗ ಮುಗಿದು, ಎಲ್ಲರಿಗಿಂತ ಮೊದಲು ಮೇಲೆ ಬಂದವನು ನಾನೇ.

ದೋಣಿಯಲ್ಲಿ ಕುಳಿತು ನೋಡಿದರೆ ಚಿತ್ರಗಳಲ್ಲಿದ್ದದ್ದು ಬಾಲಗಳು. ಬಾಲವಲ್ಲದ ನಾಲ್ಕಾರು ಚಿತ್ರಗಳಲ್ಲಿ ಹಿಮ ಸುರಿದಂತಿತ್ತು. ಕ್ಯಾಮೆರಾದ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ನೀರಿನ ಕಸವೆಲ್ಲ ಹೊಳೆದು ಮೀನನ್ನು ಮುಚ್ಚಿಹಾಕಿತ್ತು. ಹಕ್ಕಿಯನ್ನು ದೂರದಿಂದ ಎಳೆದುಕೊಂಡು ತೆಗೆಯುವವನ ಇನ್ನೊಂದು ಜಾಣತನ ಇಲ್ಲಿ ಮಣ್ಣುಪಾಲಾಗಿತ್ತು. ಮೀನಿಗೂ ನಮಗೂ ನಡುವೆ ನೀರು ಎಷ್ಟು ಕಡಿಮೆಯಿದೆಯೋ ಚಿತ್ರ ಅಷ್ಟು ಚೆನ್ನ. ಜೂಮ್ ಮಾಡಿದರೆ ಆ ನೀರೇನೂ ಕಡಿಮೆಯಾಗುವುದಿಲ್ಲ. ಮಾರ್ಗದರ್ಶಕ ನಗುತ್ತ, "ಸರ್, ನೀವು ಬಂದದ್ದು ಮೀನು ಹಿಡಿಯಲಿಕ್ಕೋ, ಫೋಟೊ ಹಿಡಿಯಲಿಕ್ಕೋ?" ಎಂದು ಕೇಳಿ, ಫ್ಲ್ಯಾಶ್ ಬಂದ್ ಮಾಡಿ ತನ್ನ ಟಾರ್ಚನ್ನು ನನ್ನ ಎಡಗೈಗೆ ಕೊಟ್ಟ.

ಎರಡನೆಯ ಸಲ ಅವನು ನನ್ನನ್ನು ಒಂದೇ ಬಂಡೆಯ ಬಳಿಗೆ ಕರೆದೊಯ್ದು ಅಲ್ಲೇ ನಿಲ್ಲಿಸಿದ. ಬೆರಳುದ್ದದ, ನೀಲಿ ಮೈಯ ಉದ್ದಕ್ಕೂ ಕಪ್ಪು ಪಟ್ಟೆಯಿರುವ ಎರಡು ಕ್ಲೀನರ್ ರಾಸ್ ಮೀನುಗಳು ಅಲ್ಲಿ ಕುಣಿಯುತ್ತಿದ್ದವು. ದೊಡ್ಡ ಮೀನುಗಳ ಮೈಮೇಲಿನ ಪರಾವಲಂಬಿ ಹುಳುಗಳನ್ನು ಕಿತ್ತು ತಿನ್ನುವುದು ಇವುಗಳ ಕಸುಬು, ಗಿರಾಕಿಗಳು ತಾವಾಗಿಯೇ ಬಂದು ಸರದಿ ಕಾಯುತ್ತವೆ. ಹಕ್ಕಿಗಾಗಿ ಮರೆಯಲ್ಲಿ ಗಂಟೆಗಟ್ಟಲೆ ಕೂತ ಅನುಭವ ಕೊನೆಗೂ ಉಪಯೋಗಕ್ಕೆ ಬಂತು. ಹವಳಕ್ಕೆ ಕಾಲು ತಾಗದಂತೆ ಒಂದೆಡೆ ತೇಲುತ್ತ, ಸಣ್ಣಗೆ ಒಳಗೆಳೆದು ಉದ್ದಕ್ಕೆ ಹೊರಗೆ ಬಿಡುವ ಉಸಿರಾಟದಲ್ಲಿ ಮನಸ್ಸಿಟ್ಟೆ. ಮೊದಲು ಗಿಳಿಮೀನೊಂದು ಬಂದು ಹೋಯಿತು. ಆಮೇಲೆ ಒಂದು ಕಾರ್ಗಿಲ್ ಮೊಳದಷ್ಟು ಹತ್ತಿರಕ್ಕೆ ಬಂದು, ತಲೆ ಮೇಲಕ್ಕೆತ್ತಿ ಬಾಯಿ ಕೊಂಚ ತೆರೆಯಿತು. ಟಾರ್ಚನ್ನು ಪಕ್ಕದಿಂದ ಹಿಡಿದೆ. ಕಪ್ಪೆಂದುಕೊಂಡಿದ್ದ ಬಾಯೊಳಗೆ ಎಲೆಯಡಿಕೆ ಜಗಿದಷ್ಟು ಕೆಂಪು ಹಲ್ಲುಗಳು! ಉಸಿರು ಬಿಡುತ್ತಲೇ ಗುಂಡಿ ಒತ್ತಿದೆ. ಟಾರ್ಚಿನ ಬೆಳಕು ತಾಗಿದ ಮಣಿಕಟ್ಟಿನ ದಾರವೂ ಮತ್ತೆ ಕೆಂಪಾಗಿತ್ತು.

ಹಿಂದಿರುಗುವಾಗ ಆ ಒಂದು ಚಿತ್ರವನ್ನು ಎಲ್ಲರಿಗೂ ತೋರಿಸುತ್ತ ಬಂದೆ. ದೋಣಿ ನಡೆಸುವ ಹಿರಿಯರು ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಇದು ಕಾರ್ಗಿಲ್ ಅಲ್ಲವಾ ಸರ್? ಬಲೆಗೆ ರಾಶಿ ರಾಶಿ ಬೀಳುತ್ತದೆ, ಪುಡಿ ಮಾಡಲು ಫಿಶ್‌ಮಿಲ್‌ಗೆ ಹಾಕುತ್ತೇವೆ" ಎಂದವರು, ಕ್ಯಾಮೆರಾವನ್ನು ಇನ್ನೊಮ್ಮೆ ಕೈಗೆ ತೆಗೆದುಕೊಂಡು, "ಹಲ್ಲು ಮಾತ್ರ ಇಷ್ಟು ದಿನ ನಾನೂ ನೋಡಿರಲಿಲ್ಲ" ಎಂದರು.