ಎಂಗಾತ್ತು ಮಾತು

"ಇಲ್ಲೆಮ್ಮಾ, ನಾಂಗ ಹಾಸನ."

ಮೊನ್ನೆ ಭಾನುವಾರದಿಂದ ಈ ಮಾತು ನನ್ನ ತಲೆಯಲ್ಲಿ ತಿರುಗುತ್ತಲೇ ಇದೆ. ಬಟ್ಟೆ ಒಣಗಹಾಕುವಾಗ, ಉತ್ತರಪತ್ರಿಕೆ ತಿದ್ದುವಾಗ, ಬುಧವಾರ ಸ್ಟಾಫ್ ಮೀಟಿಂಗಿನಲ್ಲಿ ಕೂತಿದ್ದಾಗಲೂ ಬಂತು. ನಕ್ಕುಬಿಟ್ಟೆ. ಪ್ರಿನ್ಸಿಪಾಲರು ಏನಾಯ್ತು ಮೇಡಂ ಅಂದರು. ಏನಂತ ಹೇಳಲಿ?

ಮಾತು ನಮ್ಮ ದೊಡ್ಡಮ್ಮನದು. ಪ್ರಶ್ನೆ ಚೆನ್ನೈನಿಂದ ಬಂದಿದ್ದ ಒಬ್ಬ ಹುಡುಗಿಯದು. "ಪಾಟಿ, ನೀಂಗ ತಮಿೞಾ?" ಅಂತ ಕೇಳಿದಳು. ನಾವು ತಮಿಳರಲ್ಲ ಅನ್ನುವುದನ್ನು ದೊಡ್ಡಮ್ಮ ಒಂದಿಷ್ಟೂ ತಡವರಿಸದೆ ತಮಿಳಿನಲ್ಲೇ ಹೇಳಿದಳು.

ಧನುರ್ಮಾಸದ ಇಪ್ಪತ್ತೇಳನೇ ದಿನ, ಕೂಡಾರೈ. ನಮ್ಮ ಮನೆಯಲ್ಲಿ ಯುಗಾದಿಗೆ ಹೋಳಿಗೆ ತಪ್ಪಿದರೂ ತಪ್ಪೀತು, ಕೂಡಾರೈ ದಿನ ಅಕ್ಕಾರವಡಿಶಲ್ ತಪ್ಪುವುದಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಹಾಕಿ, ತುಪ್ಪ ಸುರಿದಿದ್ದಾಯಿತು. ಎಂಬತ್ತನಾಲ್ಕರ ದೊಡ್ಡಮ್ಮ ಮಡಿಯುಟ್ಟು ಸಿದ್ಧವಾಗಿ, "ಬೇಲೂರಿಗೆ ಕರ್ಕೊಂಡು ಹೋಗು, ಮುಂದಿನ ವರ್ಷ ನಾನಿರ್ತೀನೋ ಇಲ್ವೋ" ಅಂದಳು. ಇದನ್ನು ಹನ್ನೆರಡು ವರ್ಷದಿಂದ ಹೇಳುತ್ತಿದ್ದಾಳೆ. ಪ್ರತಿ ವರ್ಷವೂ ಕೆಲಸ ಮಾಡುತ್ತದೆ.

ಜನವರಿಯ ಭಾನುವಾರ ಬೇಲೂರು ಅಂದರೆ ಹೇಳಬೇಕಾಗಿಲ್ಲ. ಶಾಲಾ ಪ್ರವಾಸದ ಬಸ್ಸುಗಳು, ಮದನಿಕೆಯ ಮೇಲೆ ಟಾರ್ಚ್ ಬಿಡುವ ಗೈಡುಗಳು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಸೆಲ್ಫಿಯವರೂ ಹೆಚ್ಚಾಗಿದ್ದಾರೆ. ಕೇಶವನ ದರ್ಶನ ಮುಗಿಸಿ, ಪ್ರಾಕಾರದಲ್ಲೇ ಇರುವ ಆಂಡಾಳ್ ಗುಡಿಯ ಪಕ್ಕ ನೆರಳು ಹುಡುಕಿ ಕೂತೆವು. ದೊಡ್ಡಮ್ಮ ಸೊಂಟದ ಚೀಲದಿಂದ ತಿರುಪ್ಪಾವೈ ಪುಸ್ತಕ ತೆಗೆದಳು, ಧನುರ್ಮಾಸದಲ್ಲಿ ಹಾಡುವ ಆಂಡಾಳ್ ರಚಿಸಿದ ತಮಿಳು ಪದ್ಯಗಳು. ಕನ್ನಡ ಅಕ್ಷರದ್ದು. ಅವಳಿಗೆ ತಮಿಳು ಅಕ್ಷರ ಒಂದೂ ಬಾರದು. ನನಗೂ ಬಾರದು. ಊಟಿಗೆ ಹೋದಾಗ ಬಸ್ಸಿನ ಬೋರ್ಡು ಓದಲು ಪಕ್ಕದವರನ್ನು ಕೇಳಿದವಳು ನಾನು.

"ಕೂಡಾರೈ ವೆಲ್ಲುಂ ಶೀರ್ ಗೋವಿಂದಾ" ಅಂತ ಶುರು ಮಾಡಿದಳು. ಆಂಡಾಳ್ ಆ ಪಾಶುರದಲ್ಲಿ, ಅಂದರೆ ಪದ್ಯದಲ್ಲಿ, ವ್ರತ ಮುಗಿಸಿ ಒಡವೆ ಹಾಕಿಕೊಂಡು, ಹೊಸ ಬಟ್ಟೆ ಉಟ್ಟು, ತುಪ್ಪ ಮೊಣಕೈವರೆಗೆ ಇಳಿಯುವಂತೆ ಹಾಲನ್ನ ತಿನ್ನುವ ಮಾತಾಡುತ್ತಾಳೆ. ಅರ್ಧದಲ್ಲಿ ಇನ್ನೊಂದು ಧ್ವನಿ ಸೇರಿತು. ನೋಡಿದರೆ ಜೀನ್ಸ್ ಹಾಕಿದ ಹುಡುಗಿ, ಇಪ್ಪತ್ತೈದಿರಬಹುದು. ಪುಸ್ತಕವಿಲ್ಲ, ಬಾಯಿಪಾಠ. ಹಿಂದೆ ಅವಳ ಅಮ್ಮ.

ದೊಡ್ಡಮ್ಮ "ಮುಳಂಗೈ ವಳಿವಾರ" ಅಂದಳು.

ಹುಡುಗಿ ನಿಲ್ಲಿಸಿದಳು. "ಪಾಟಿ, ಮುೞಂಗೈ. ವೞಿವಾರ." ನಾಲಿಗೆ ಒಳಗೆ ಮಡಿಸಿ, ಬಾಯಿ ತೆರೆದು ತೋರಿಸಿದಳು. ಒರಟಾಗಿ ಅಲ್ಲ, ಮಗುವಿಗೆ ಹೇಳಿಕೊಡುವ ಹಾಗೆ. ಆದರೆ ಅವಳ ಅಮ್ಮನ ಮುಖದಲ್ಲೊಂದು ನಗು ಬಂತು ನೋಡಿ, ಅದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಮದರಾಸಿನ ಮದುವೆಮನೆಗಳಲ್ಲಿ ನಮ್ಮ ಮಾತು ಕೇಳಿ ನಗುವವರ ನಗು ಅದು. ಹಳ್ಳಿಯಿಂದ ಬಂದ ಬಡ ನೆಂಟರನ್ನು ನೋಡುವ ನಗು.

ದೊಡ್ಡಮ್ಮ ಎರಡು ಸಲ ಪ್ರಯತ್ನಿಸಿದಳು. ಹಲ್ಲುಸೆಟ್ಟು ಅಲ್ಲಾಡಿತು. "ಎಂಗಾತ್ತುಲೆ ಇಪ್ಪಿಡಿತ್ತಾನ್" ಅಂದಳು, ನಮ್ಮನೇಲಿ ಹೀಗೇ ಅಂತ. ಆಗ ಬಂದದ್ದು ಆ ಪ್ರಶ್ನೆ, ನೀವು ತಮಿಳರಾ ಅಂತ. ಆಗ ಕೊಟ್ಟದ್ದು ಈ ಉತ್ತರ.

ಹುಡುಗಿ ಗೊಂದಲಕ್ಕೆ ಬಿದ್ದಳು. "ಆನಾ ತಮಿೞ್ ಪೇಶರೀಂಗಳೇ?" ಮತ್ತೆ ತಮಿಳು ಮಾತಾಡ್ತಿದೀರಲ್ಲ?

ದೊಡ್ಡಮ್ಮ ಪುಸ್ತಕದಿಂದ ತಲೆ ಎತ್ತಲಿಲ್ಲ. "ಇದು ಎಂಗಾತ್ತು ಮಾತು."

ನಮ್ಮನೆ ಮಾತು. ಮೂರೇ ಪದ. ಅದರಲ್ಲೂ 'ಮಾತು' ಕನ್ನಡದ್ದು, ತಮಿಳಿನವರಾಗಿದ್ದರೆ ಪೇಚ್ಚು ಅನ್ನುತ್ತಿದ್ದರು. ತಾನು ಯಾರು ಅನ್ನುವುದಕ್ಕೆ ದೊಡ್ಡಮ್ಮ ಕೊಟ್ಟ ಸಾಕ್ಷಿ ಆ ವಾಕ್ಯದೊಳಗೇ ಇತ್ತು. ಅದು ಹುಡುಗಿಗೆ ಗೊತ್ತಾಗಲಿಲ್ಲ, ಹೇಳಿದವಳಿಗೂ ಗೊತ್ತಿರಲಿಲ್ಲ. ಡಬ್ಬಿ ತೆಗೆದು ಇಬ್ಬರಿಗೂ ಅಕ್ಕಾರವಡಿಶಲ್ ಕೊಟ್ಟಳು. ನಕ್ಕ ಅಮ್ಮ ಎರಡನೇ ಸಲ ಕೇಳಿ ಹಾಕಿಸಿಕೊಂಡರು. ತಿನ್ನಲಿ.

ವಾಪಸು ಬರುವಾಗ ಕಾರಿನಲ್ಲಿ ಡ್ರೈವರ್ ಹುಡುಗ ಕೇಳಿದ. "ಅಜ್ಜಿ ಆ ಚೆನ್ನೈಯೋರ್ ಜೊತೆ ತಮಿಳಲ್ ಮಾತಾಡಿದ್ರಲ್ಲ ಮೇಡಂ, ನೀವು ತಮಿಳ್ರು ಅಂತ ಗೊತ್ತೇ ಇರ್ಲಿಲ್ಲ ಕಣ್ರೀ."

"ತಮಿಳರಲ್ಲ ಕಣಪ್ಪಾ, ಅಯ್ಯಂಗಾರ್ರು" ಅಂದಳು ದೊಡ್ಡಮ್ಮ.

"ಓ, ಬೇಕ್ರಿಯೋರು!"

ಪಾಪ, ಅವನ ತಪ್ಪೇನಿಲ್ಲ. ಬೆಂಗಳೂರಿನ ತುಂಬ ಅಯ್ಯಂಗಾರ್ ಬೇಕರಿ ಹಾಕಿದವರಲ್ಲಿ ಬಹಳ ಜನ ನಮ್ಮ ಹಾಸನದ ಕಡೆಯವರೇ. ದೊಡ್ಡಮ್ಮ ಖುಷಿಯಾಗಿಯೇ ಇದ್ದಳು. ನಾನು ಮಾತ್ರ ಬೇಲೂರಿನಿಂದ ಹಾಸನದವರೆಗೆ ಅವನಿಗೆ ಪಾಠ ಮಾಡಿದೆ. ರಾಮಾನುಜರು ಚೋಳರ ಕಾಟದಿಂದ ಈ ಕಡೆ ಬಂದದ್ದು, ತೊಂಡನೂರು, ಮೇಲುಕೋಟೆ, ಬಿಟ್ಟಿದೇವ ವಿಷ್ಣುವರ್ಧನನಾದ ಕಥೆ, ಅದೇ ದೊರೆ 1117ರಲ್ಲಿ ಈಗ ನೋಡಿಬಂದ ಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು. ಒಂಬೈನೂರು ವರ್ಷದಿಂದ ಇಲ್ಲಿದ್ದೇವೆ ಕಣಪ್ಪಾ ಅಂದೆ. ಅವನು "ಹೌದಾ ಮೇಡಂ" ಅಂತ ಲಾರಿ ಓವರ್‌ಟೇಕ್ ಮಾಡಿದ. ಅವನು ಕೇಳಿದ್ದು ಒಂದು ಮಾತು. ನಾನ್ಯಾಕೆ ಕಟಕಟೆಯಲ್ಲಿ ನಿಂತವಳ ಹಾಗೆ ಮೂವತ್ತೆಂಟು ಕಿಲೋಮೀಟರ್ ವಾದ ಮಾಡಿದೆ?

ಯಾಕೆ ಅಂತ ಗೊತ್ತು. 1991ರ ಡಿಸೆಂಬರ್‌ನಲ್ಲಿ ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಕಾವೇರಿ ಮಧ್ಯಂತರ ತೀರ್ಪು ಗೆಜೆಟ್ಟಿನಲ್ಲಿ ಬಂದು ಊರು ಹೊತ್ತಿಕೊಂಡ ವಾರ. ಕರ್ಫ್ಯೂ ಸಡಿಲಿಸಿದಾಗ ಎಸ್‌ಟಿಡಿ ಬೂತಿಗೆ ಓಡಿದೆ. ಹಿಂದೆ ಆರೇಳು ಜನ ಸಾಲು ನಿಂತಿದ್ದಾರೆ. ಅಮ್ಮ ಫೋನೆತ್ತಿ ಮನೆಮಾತಿನಲ್ಲಿ ಶುರು ಮಾಡಿದಳು. ನಾನು "ಕನ್ನಡದಲ್ಲಿ ಮಾತಾಡಮ್ಮ" ಅಂದೆ. ಆ ಕಡೆ ಸದ್ದೇ ಇಲ್ಲ. ಅಮ್ಮನಿಗೆ ಕನ್ನಡ ಬರುತ್ತಿರಲಿಲ್ಲ ಅಂತಲ್ಲ, ಬೀದಿಯಲ್ಲೆಲ್ಲ ಕನ್ನಡವೇ. ಹುಟ್ಟಿದಾಗಿನಿಂದ ನನ್ನ ಜೊತೆ ಆಡಿರಲಿಲ್ಲ, ಅಷ್ಟೆ. ಆಮೇಲೆ, ಬ್ಯಾಂಕಿನವರ ಹತ್ತಿರ ಮಾತಾಡುವ ಹಾಗೆ, "ಊಟ ಆಯಿತೇ?" ಅಂತ ಕೇಳಿದಳು. ಮೂರು ನಿಮಿಷಕ್ಕೆ ಮಾತು ಮುಗಿದುಹೋಯಿತು.

ಅದಾಗಿ ಕೆಲವು ವರ್ಷಕ್ಕೆ ಕನ್ನಡ ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ಹಿರಿಯ ಸಹೋದ್ಯೋಗಿಯೊಬ್ಬರು, ಒಳ್ಳೆಯವರೇ, ಚಹಾ ತರಿಸಿಕೊಟ್ಟವರು, "ನೀವು ತಮಿಳ್ನೋರು, ಕನ್ನಡ ಲೆಕ್ಚರರ್ರು! ಭೇಷ್" ಅಂದರು. ಹೊಗಳಿದ್ದು. ಅದಕ್ಕೇ ಏನೂ ಹೇಳಲಾಗಲಿಲ್ಲ.

ಬೇಲೂರಿನ ಮಾತಿಗೆ ಬರುತ್ತೇನೆ. ನನ್ನನ್ನು ಅಲ್ಲಾಡಿಸಿದ್ದು ಆ ಪ್ರಶ್ನೆಗಿಂತ ಹೆಚ್ಚಾಗಿ ಆ ಅಕ್ಷರ. ೞ.

ಇಪ್ಪತ್ತಾರು ವರ್ಷದಿಂದ ಪಿಯುಸಿ ಮಕ್ಕಳಿಗೆ ಹಳಗನ್ನಡ ಶುರು ಮಾಡುವಾಗ ಬೋರ್ಡಿನ ಮೇಲೆ ಈ ಅಕ್ಷರ ಬರೆಯುತ್ತೇನೆ. ಇದು ಕನ್ನಡದಲ್ಲಿತ್ತು, ಈಗ ಸತ್ತುಹೋಗಿದೆ ಅನ್ನುತ್ತೇನೆ. ಪಕ್ಕದಲ್ಲಿ ಱ, ಅದೂ ಸತ್ತಿದೆ. ಹುಡುಗರಿಗೆ ಸತ್ತ ಅಕ್ಷರ ಅಂದರೆ ಒಂಥರಾ ಮಜಾ. ಯಾರಾದರೊಬ್ಬರು "ಹೆಂಗ್ ಹೇಳೋದು ಮಿಸ್?" ಅಂತ ಕೇಳೇ ಕೇಳುತ್ತಾರೆ. ನಾಲಿಗೆ ಹಿಂದಕ್ಕೆ ಮಡಿಸಿ ಏನೋ ಒಂದು ಸದ್ದು ಮಾಡುತ್ತೇನೆ, ಎಲ್ಲರೂ ನಗುತ್ತಾರೆ, ಮುಂದಿನ ಪದ್ಯಕ್ಕೆ ಹೋಗುತ್ತೇವೆ. ನಾನು ಮಾಡುತ್ತಿದ್ದದ್ದು ಆ ಸದ್ದಲ್ಲ ಅಂತ ಭಾನುವಾರ ಗೊತ್ತಾಯಿತು. ನಾನು ಇಷ್ಟು ವರ್ಷ ಶ್ರಾದ್ಧ ಮಾಡುತ್ತಿದ್ದ ಅಕ್ಷರ ಮೂರಡಿ ದೂರದಲ್ಲಿ, ಜೀನ್ಸ್ ಹಾಕಿಕೊಂಡು, ಜೀವಂತ ಕೂತಿತ್ತು.

ಆ ಅಕ್ಷರ ಹಳೆಯ ಕಲ್ಲಿನ ಮೇಲೆ ನಮ್ಮ ಕಡೆಯೂ ಕಾಣುತ್ತದೆ. ಹಲ್ಮಿಡಿ ಬೇಲೂರು ತಾಲ್ಲೂಕಿನದು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಶಾಸನ ಸುಮಾರು ಕ್ರಿ.ಶ. 450ರದು, ಹದಿನಾರು ಸಾಲು. ಮೂಲ ಕಲ್ಲು ಊರಲ್ಲಿಲ್ಲ, ಇರುವುದು ಪ್ರತಿಕೃತಿ. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಅಚ್ಯುತನ ಸ್ತುತಿ ಸಂಸ್ಕೃತದಲ್ಲಿ, ಆಮೇಲೆ ಕನ್ನಡ. ಯುದ್ಧದಲ್ಲಿ ಕಾದಿದವನಿಗೆ ಎರಡು ಹಳ್ಳಿಯನ್ನು 'ಬಾಳ್ಗೞ್ಚು' ಅಂತ ಕೊಡುತ್ತಾರೆ, ಕತ್ತಿ ತೊಳೆದ ಕೊಡುಗೆ. ಅಲ್ಲೇ ಇದೆ ೞ. ಹಳ್ಳಿಯ ಹೆಸರೂ ಆಗ ಹ-ಕಾರದ್ದಲ್ಲ, ಪಲ್ಮಡಿ. ಪಕಾರ ಹಕಾರವಾದ ಮೇಲೆ ಹಲ್ಮಿಡಿ.

ಪಾಲ್ ಹಾಲಾಗಿದ್ದು, ಪೂ ಹೂವಾಗಿದ್ದು, ಪುಲಿ ಹುಲಿಯಾಗಿದ್ದು ಹೀಗೇ. ಇದನ್ನು ಪಾಠ ಮಾಡಿ ಮನೆಗೆ ಬಂದರೆ ದೊಡ್ಡಮ್ಮ ಅಡುಗೆಮನೆಯಿಂದ ಕೂಗುತ್ತಾಳೆ: "ಪಾಲು ಪೊಂಗರದು ಪಾರು!" ಹಾಲು ಉಕ್ಕುತ್ತಿದೆ ನೋಡು ಅಂತ. ಅದರಲ್ಲಿ ಪಾಲ್ ಹಳಗನ್ನಡ. ಪೊಂಗು ಹಳಗನ್ನಡ, ಉಬ್ಬುವುದು. ಪಾರ್ ಕೂಡ ಹಳಗನ್ನಡ, ಎದುರುನೋಡುವುದು. ಹಾರೈಕೆ ಬಂದದ್ದು ಅದರಿಂದಲೇ. ಕೂಡಾರೈ ಪಾಶುರದ ಮುೞಂಗೈ ನಮ್ಮ ಮೊೞ, ಮೊಳಕೈ, ಈಗಿನ ಮೊಣಕೈ. 'ನಾಡು ಪುಗೞುಂ' ಅಂದರೆ ನಾಡು ಪೊಗೞುವ, ಹೊಗಳುವ. ಬೀದಿಯಲ್ಲಿ ಪರಭಾಷೆ ಅಂತ ತಗ್ಗಿದ ಧ್ವನಿಯಲ್ಲಿ ಆಡುತ್ತಿದ್ದ ಮಾತಿನ ಅರ್ಧ ಪಾಲು ನಾನು ತರಗತಿಯಲ್ಲಿ ಹೆಮ್ಮೆಯಿಂದ ಬರೆಸುವ ನೋಟ್ಸಿನಲ್ಲಿದೆ. ಅಕ್ಕತಂಗಿ ಭಾಷೆಗಳು ಅಂತ ಓದಿದ್ದೆ, ಓದಿ ಅಂಕ ತಗೊಂಡಿದ್ದೆ. ದೊಡ್ಡಮ್ಮನ ಗ್ಯಾಸ್ ಒಲೆಯ ಮುಂದೆ ಅದು ಹೊಳೆದಿರಲಿಲ್ಲ.

ಹಾಗಂತ ನಮ್ಮದು ಹಳಗನ್ನಡ ಅಂತ ಹೊರಟರೆ ಸುಳ್ಳಾಗುತ್ತದೆ. ನಮ್ಮದು ತಮಿಳೇ, ಇಲ್ಲಿನ ನೀರು ಕುಡಿದ ತಮಿಳು. ಅದರಲ್ಲಿ ೞ ಇಲ್ಲ. ಇತ್ತು, ಬಿದ್ದುಹೋಯಿತು. ಕನ್ನಡದವರ ನಾಲಿಗೆಯಿಂದಲೂ ಜಾರುತ್ತಿತ್ತು. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿಡುತ್ತಾನೆ. ಜನಕ್ಕೆ ಸರಿಯಾಗಿ ಬರುತ್ತಿದ್ದರೆ ಯಾರು ಪಟ್ಟಿ ಮಾಡುತ್ತಾರೆ? ಸುತ್ತಲ ಗೌಡರು, ಲಿಂಗಾಯತರು, ಜೈನರು ಎಲ್ಲರೂ ಳ ಅನ್ನತೊಡಗಿದಾಗ ನಮ್ಮವರೂ ಅಂದಿರಬೇಕು. ಅವಳ 'ಮುಳಂಗೈ' ತಪ್ಪು ತಮಿಳು, ಒಪ್ಪುತ್ತೇನೆ. ಆದರೆ ಅದು ಹಾಸನದವರು ಮಾಡುವ ತಪ್ಪು. (ತಮಿಳುನಾಡಿನಲ್ಲೂ ಎಷ್ಟೋ ಜನ ಳ ಅಂತಲೇ ಅನ್ನುತ್ತಾರಂತೆ. ನನ್ನ ವಾದಕ್ಕೆ ಅಡ್ಡ ಬರುತ್ತದೆ. ಬರಲಿ.)

ಇಷ್ಟನ್ನೂ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಬರೆಯಬಾರದಿತ್ತು. ಅಮೆರಿಕದ ಅಣ್ಣನ ಮಗ, ನಾವು ಮೂಲತಃ ತಮಿಳರೇ, ಒಪ್ಪಿಕೊಳ್ಳೋಕೆ ಏನು ಕಷ್ಟ ಅಂದ. ಮೈಸೂರಿನ ಚಿಕ್ಕಪ್ಪ, ನಮ್ಮ ವಂಶದವರು ರಾಮಾನುಜರ ಪಲ್ಲಕ್ಕಿಯ ಜೊತೆಯಲ್ಲೇ ಬಂದವರು ಅಂತ ಎಂದಿನಂತೆ ವಂಶವೃಕ್ಷ ಹಾಕಿದರು. ನನಗೆ ಗೊತ್ತಿರುವ ಪ್ರತಿ ಅಯ್ಯಂಗಾರ್ ಮನೆತನವೂ ರಾಮಾನುಜರ ಜೊತೆಯಲ್ಲೇ ಬಂದಿದೆ. ಅಷ್ಟು ಜನ ನಿಜವಾಗಿ ಬಂದಿದ್ದರೆ ತೊಂಡನೂರಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಂದವರೆಷ್ಟೋ, ಇಲ್ಲೇ ಇದ್ದು ತಿರುನಾಮ ಹಾಕಿಕೊಂಡವರೆಷ್ಟೋ, ಈಗ ಬೇರೆ ಮಾಡುವವರು ಯಾರು? ಬೆಂಗಳೂರಿನ ತಂಗಿ ಒಂದೇ ಸಾಲು ಹಾಕಿದಳು: "ನನ್ನ ಮಕ್ಕಳಿಗೆ ಮನೆಮಾತೂ ಬರಲ್ಲ, ಕನ್ನಡ ಓದೋಕೂ ಬರಲ್ಲ, ನೀವು ಯಾವ ಅಕ್ಷರಕ್ಕೆ ಜಗಳ ಆಡ್ತಿದೀರಾ?" ಯಾರೂ ಉತ್ತರ ಕೊಡಲಿಲ್ಲ. ಚಿಕ್ಕಪ್ಪ ಒಂದು ಕೈಮುಗಿಯುವ ಚಿತ್ರ ಹಾಕಿದರು.

ದೊಡ್ಡಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ಹಿಂದಿನ ಸಲ ಜನಗಣತಿಯವರು ಬಂದಾಗ ಮಾತೃಭಾಷೆ ಏನಂತ ಬರೆಸಿದೆ ಅಂತ ಕೇಳಿದೆ.

"ಕನ್ನಡ ಅಂತ."

"ಯಾಕೆ?"

"ಆ ಮೇಷ್ಟ್ರು ಪಾಪ ಬಿಸಿಲಲ್ಲಿ ನಿಂತಿದ್ದರು. ಎಲ್ಲಾ ಹೇಳ್ತಾ ಕೂರಕ್ಕಾಗತ್ತಾ?"

ನಿನ್ನೆ ಸಂಜೆ ಕಾಫಿಗೆ ಹಾಲಿಟ್ಟು, ಯಾರೂ ಇಲ್ಲವಲ್ಲ ಅಂತ ಕಿಟಕಿಯ ಗಾಜಿನಲ್ಲಿ ಬಾಯಿ ನೋಡಿಕೊಂಡು ಅಭ್ಯಾಸ ಮಾಡಿದೆ. ಆ ಹುಡುಗಿ ತೋರಿಸಿದಂತೆ ನಾಲಿಗೆ ಒಳಕ್ಕೆ ಮಡಿಸಿ, ತುದಿ ಎಲ್ಲೂ ತಾಗದಂತೆ. ಮುಳಂಗೈ. ಮುರಂಗೈ. ಮುಯಂಗೈ. ವೞಿ... ಒಂದು ಸಲ ಬಂತೇನೋ ಅನ್ನಿಸಿತು.

"ಯಾರಡೀ ಅದು, ಗಂಟಲಿಗೆ ಏನಾಯ್ತು?" ಒಳಗಿನಿಂದ ದೊಡ್ಡಮ್ಮ. ಹಿಂದೆಯೇ, "ಅಡೀ, ಪಾಲು!"

ಅಷ್ಟರಲ್ಲಿ ಒಲೆಯ ತುಂಬ ಹರಿದಿತ್ತು.